ಡಿಸ್ಕ್ ಫಾರ್ಮ್ಯಾಟ್ ಹೊಡೆಯಲು ಬಿಡುವ ಮೊದಲು ಇದನ್ನು ನೋಡಿ

ಹಳೇ ಕಂಪ್ಯೂಟರಿನಲ್ಲಿ ಅಂಗಡಿ ಲೆಕ್ಕ ಇಟ್ಟವರು ದಯವಿಟ್ಟು ಓದಿ. ಹೊಸ ಸಾಫ್ಟ್‌ವೇರ್ ನಿಮ್ಮ ಕಂಪ್ಯೂಟರಿಗೆ ಕೂಡುತ್ತದೆಯೇ ಎಂದಷ್ಟೇ ಕೇಳಿದರೆ ಸಾಲದು. ಅದು ಬಂದ ಮೇಲೆ ಹಳೆಯದು ನಡೆಯುತ್ತದೆಯೇ ಎಂದೂ ಕೇಳಬೇಕು.

ವಿಜಯಪುರದ ಎಪಿಎಂಸಿಯಲ್ಲಿ ನಮ್ಮ ಕಾಕಾ ಅವರದು ಒಣದ್ರಾಕ್ಷಿ ದಲಾಲಿ ಅಂಗಡಿ. ರೈತರ ಖಾತೆ, ಮುಂಗಡ, ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಎಲ್ಲಾ ಡಾಸ್ ಕಾಲದ, ಅಂದರೆ ವಿಂಡೋಸಿಗೂ ಹಿಂದಿನ ವ್ಯವಸ್ಥೆಯ, ಒಂದು ಪ್ರೋಗ್ರಾಮಿನಲ್ಲಿತ್ತು. ಕಪ್ಪು ಪರದೆ, ಬಿಳಿ ಅಕ್ಷರ, ಮೌಸಿನ ಕೆಲಸವೇ ಇಲ್ಲ. ಗುಮಾಸ್ತರ ಬೆರಳಿಗೆ ಅದು ಬಾಯಿಪಾಠವಾಗಿತ್ತು. ಜಿಎಸ್‌ಟಿ ಲೆಕ್ಕಕ್ಕೆಂದು ಕಾಕಾ ಹೊಸ ಸಾಫ್ಟ್‌ವೇರ್ ತರಿಸಿದರು. ಹಾಕಲು ಬಂದ ಹುಡುಗ ಸೆಟಪ್ ಒತ್ತಿದರೆ ಅದು ಏಳಲಿಲ್ಲ. ಸಾಫ್ಟ್‌ವೇರ್ 64-ಬಿಟ್‌ನದು, ಕಂಪ್ಯೂಟರಿನಲ್ಲಿದ್ದದ್ದು 32-ಬಿಟ್ ವಿಂಡೋಸ್ 7. ಬಿಟ್ ಎಂದರೆ ಕಂಪ್ಯೂಟರ್ ಒಂದು ಸಲಕ್ಕೆ ನಿಭಾಯಿಸುವ ಮಾಹಿತಿಯ ಅಳತೆ; 32 ಹಳೇ ಬಗೆ, 64 ಹೊಸ ಬಗೆ, 64ರ ಸಾಫ್ಟ್‌ವೇರ್ 32ರ ವಿಂಡೋಸಿನಲ್ಲಿ ನಡೆಯುವುದಿಲ್ಲ.

"ಏನೂ ಆಗಂಗಿಲ್ರೀ ಕಾಕಾ, ವಿಂಡೋಸ್ ಬದಲಿ ಮಾಡಿದ್ರ ಎಲ್ಲಾ ನಡೀತದ" ಎಂದ. ಹಳೇ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಫಾರ್ಮ್ಯಾಟ್ ಹೊಡೆದು, 64-ಬಿಟ್ ವಿಂಡೋಸ್ 10 ಹಾಕಿ, ದುಡ್ಡು ತೆಗೆದುಕೊಂಡು ಹೋದ. ಹಳೇ ಪ್ರೋಗ್ರಾಮ್ ತೆರೆದು ತೋರಿಸಲೇ ಇಲ್ಲ.

ಮರುದಿನ ಅದು ತೆರೆಯಲಿಲ್ಲ. ಡಾಸ್ ಕಾಲದ 16-ಬಿಟ್ ಪ್ರೋಗ್ರಾಮುಗಳನ್ನು ನಡೆಸುವ ವ್ಯವಸ್ಥೆ 32-ಬಿಟ್ ವಿಂಡೋಸಿನಲ್ಲಿದೆ, 64-ಬಿಟ್‌ನಲ್ಲಿ ಇಲ್ಲವೇ ಇಲ್ಲ. ಡೇಟಾ ಪೆನ್‌ಡ್ರೈವಿನಲ್ಲಿ ಭದ್ರವಾಗಿದೆ, ಆದರೆ ಓದುವವರಿಲ್ಲ. ಆವಕ ಜೋರಾಗಿದ್ದ ಹೊತ್ತು. ಮಾಲು ಮಾರಿದ ರೈತರು ಪಟ್ಟಿಗಾಗಿ ಕಟ್ಟೆ ಮೇಲೆ ಕೂತಿದ್ದಾರೆ. ಯಾರಿಗೆ ಎಷ್ಟು ಮುಂಗಡ ಹೋಗಿದೆ ಗೊತ್ತಿಲ್ಲದೆ ಪಟ್ಟಿ ಮಾಡುವುದು ಹೇಗೆ? ಹುಡುಗನಿಗೆ ಫೋನ್ ಹಚ್ಚಿದರೆ, "ಅದು ಹಳೇದ್ರೀ, ಅದರ ಜವಾಬ್ದಾರಿ ನಂದಲ್ಲ" ಎಂದ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸುವ ಮಾತು. ಕೊನೆಗೆ ಪಕ್ಕದ ಅಂಗಡಿಯವರ ಅಟ್ಟದ ಮೇಲಿದ್ದ 32-ಬಿಟ್ ಕಂಪ್ಯೂಟರ್ ಇಳಿಸಿ, ಅದರಲ್ಲಿ ಫೋಲ್ಡರ್ ತೆರೆದು, ಒಂದೊಂದೇ ಖಾತೆ ಪ್ರಿಂಟ್ ತೆಗೆದೆವು.

ನೋಡಿಕೊಳ್ಳುವುದು ಕಷ್ಟವೇನಲ್ಲ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋಗಿ 'ಸಿಸ್ಟಮ್ ಟೈಪ್' ಸಾಲು ಓದಿ. ವಿಂಡೋಸ್ 7 ಇದ್ದರೆ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಪ್ರೊಸೆಸರ್ 64-ಬಿಟ್ ಇದ್ದರೂ ಅದರ ಮೇಲಿನ ವಿಂಡೋಸ್ 32-ಬಿಟ್ ಇರಬಹುದು, ಹಾಗಾಗಿ ಆ ಸಾಲು ಪೂರ್ತಿ ಓದಿ. 32ರಿಂದ 64ಕ್ಕೆ ಸುಮ್ನೆ ಅಪ್‌ಗ್ರೇಡ್ ಆಗುವುದಿಲ್ಲ, ಹೊಸದಾಗಿಯೇ ಹಾಕಬೇಕು. ಹಳೇ ಪ್ರಿಂಟರಿನ 32-ಬಿಟ್ ಡ್ರೈವರ್ (ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ಕೂಡ 64-ಬಿಟ್‌ನಲ್ಲಿ ಕೆಲಸ ಮಾಡುವುದಿಲ್ಲ. ವಿಂಡೋಸ್ 11 ಹಾಕುತ್ತೇನೆ ಎಂದರೆ ಇನ್ನೂ ಜಾಸ್ತಿ ಎಚ್ಚರ ಬೇಕು: ಅದು 64-ಬಿಟ್‌ನಲ್ಲಿ ಮಾತ್ರ ಬರುತ್ತದೆ, ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕೇಳುತ್ತದೆ.

ಬದಲಿಸಲೇಬೇಕಾದರೆ ಹಳೇ ಡಿಸ್ಕನ್ನು ಮುಟ್ಟಲು ಬಿಡಬೇಡಿ. ಅದನ್ನು ಬಿಚ್ಚಿ ಎತ್ತಿಡಿ, ಹೊಸ ಡಿಸ್ಕಿನ ಮೇಲೆ ಹೊಸ ವಿಂಡೋಸ್ ಹಾಕಿಸಿ. ಹಳೇ ಪ್ರೋಗ್ರಾಮಿನಲ್ಲಿ ಒಂದು ಪಟ್ಟಿ ತೆಗೆದು, ಪ್ರಿಂಟ್ ಕೈಗೆ ಬಂದ ಮೇಲೆಯೇ ದುಡ್ಡು ಕೊಡಿ.