ಸೀಳಿದ ಅಲ್ಯುಮಿನಿಯಂ ಸೈಕಲ್ ಫ್ರೇಮಿಗೆ ಟಿಗ್ ವೆಲ್ಡಿಂಗ್: ಎರಡು ವರ್ಷ ಓಡಿಸಿದ ಮೇಲೆ

ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಹಾಕಿಸಿದ ಬೆಸುಗೆ ಇನ್ನೂ ಗಟ್ಟಿ ಇದೆ. ಬಿರುಕು ಇದ್ದದ್ದು ಸೀಟಿನ ಕೆಳಗೆ ನಿಂತ ಕೊಳವೆಗೆ, ಅಂದರೆ ಸೀಟ್ ಟ್ಯೂಬಿಗೆ, ಮೇಲಿನ ಅಡ್ಡ ಕೊಳವೆ (ಟಾಪ್ ಟ್ಯೂಬ್) ಕೂಡುವ ಜಾಗದಲ್ಲಿ. ಸೀಟು ಹೊತ್ತು ಆ ಕೊಳವೆಯೊಳಗೆ ಇಳಿಯುವ ಸೀಟ್ ಪೋಸ್ಟನ್ನು, ಅದರ ಮೇಲಿನ ‘ಇಷ್ಟಾದರೂ ಒಳಗಿರಲಿ’ ಎನ್ನುವ ಗೆರೆ ಕಾಣುವಷ್ಟು ಎತ್ತಿ ಓಡಿಸಿದರೆ ಸೀಳುವುದು ಅಲ್ಲೇ.

ಗೇಟು, ಕಿಟಕಿ ಬೆಸೆಯುವ ಆರ್ಕ್ ಅಂಗಡಿಯಲ್ಲಿ ಈ ಕೆಲಸ ಆಗದು. ಎಸಿ ಕರೆಂಟಿನ ಟಿಗ್ ಮಷಿನ್ (ಟಂಗ್‌ಸ್ಟನ್ ಕಡ್ಡಿಯ ಆರ್ಕಿನಿಂದ ಬೆಸೆಯುವುದು), ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಆರ್ಗಾನ್ ಅನಿಲ ಇರುವ ಕಡೆ ಹೋಗಿ. ಅಲ್ಯುಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪೊರೆ ಮಾತ್ರ 2000 ದಾಟಿದರೂ ಜಗ್ಗದು. ಪೊರೆ ಹೋಗದೆ ಬೆಸುಗೆ ಕೂಡುವುದಿಲ್ಲ, ಅದನ್ನು ಒಡೆಯುವುದು ಎಸಿ ಕರೆಂಟೇ.

ಬಿರುಕಿನ ಸುತ್ತ ಎರಡು ಇಂಚು ಪೇಂಟ್ ಮನೆಯಲ್ಲೇ ಕೆರೆದು ಒಯ್ದರೆ ಮಜೂರಿಯಲ್ಲಿ ಚೌಕಾಸಿಗೆ ದಾರಿಯಾಗುತ್ತದೆ. ಬಿರುಕಿನ ತುದಿಗೆ 3 ಮಿ.ಮೀ. ತೂತು ಹಾಕಿಸಲೇಬೇಕು, ಇಲ್ಲದಿದ್ದರೆ ಬೆಸುಗೆಯಾಚೆ ಅದೇ ಗೆರೆ ಮುಂದೆ ಓಡುತ್ತದೆ. ಆಮೇಲೆ ವಿ ಆಕಾರಕ್ಕೆ ಅರ ಹಾಕಿ, ಅಸಿಟೋನಿನಲ್ಲಿ ಒರೆಸಿ, ಕಬ್ಬಿಣ ಮುಟ್ಟಿರದ ಸ್ಟೇನ್‌ಲೆಸ್ ಸ್ಟೀಲ್ ಬ್ರಶ್ಶಿನಿಂದ ತಿಕ್ಕಬೇಕು. ಬೆಸುಗೆಗೆ ಕರಗಿಸಿ ತುಂಬುವ ರಾಡ್ 5356 ನಂಬರಿನದು ಕೇಳಿ. ಬೆಸುಗೆ ಒಳಗೂ ಉಬ್ಬುವುದರಿಂದ ಸೀಟ್ ಟ್ಯೂಬಿಗೆ ರೀಮರ್ (ಒಳಮೈ ಕೆರೆದು ನಯ ಮಾಡುವ ಉಪಕರಣ) ಆಡಿಸದೆ ಪೋಸ್ಟ್ ಇಳಿಯದು. ಇದನ್ನು ಮೊದಲೇ ಮಾತಾಡಿಕೊಳ್ಳಿ, ಇಲ್ಲವಾದರೆ ಎರಡನೇ ಬಿಲ್ಲು ಬರುತ್ತದೆ.

ನಿಜವಾದ ತೊಡಕು ಬೆಸುಗೆಯಲ್ಲಲ್ಲ, ಅದರ ಪಕ್ಕದಲ್ಲಿ. 6061 ಎಂಬ ಅಲ್ಯುಮಿನಿಯಂ ಮಿಶ್ರಲೋಹದ ಫ್ರೇಮಾದರೆ ಕಾದ ಭಾಗದ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಪೂರ್ತಿ ಮರಳಿಸಲು 530 ಡಿಗ್ರಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ 160–175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಡಬೇಕು. ಒಂದು ಫ್ರೇಮಿಗಾಗಿ ಈ ಖರ್ಚು ದಂಡ. 7005 ಎಂಬ ಮಿಶ್ರಲೋಹವಾದರೆ ಅದೃಷ್ಟ, ಬೆಸೆದು ಮೂರ್ನಾಲ್ಕು ವಾರ ಸುಮ್ಮನೆ ಇಟ್ಟರೆ ಬಹುಪಾಲು ಬಲ ತಾನೇ ಮರಳುತ್ತದೆ. ಯಾವ ಲೋಹವೆಂದು ಸಾಮಾನ್ಯವಾಗಿ ಫ್ರೇಮಿನ ಸ್ಟಿಕರಿನಲ್ಲೇ ಇರುತ್ತದೆ. ಪೇಂಟ್ ಕೆರೆಯುವ ಮುಂಚೆ ಓದಿಕೊಳ್ಳಿ.

6061ಕ್ಕೆ ಅಗ್ಗದ ಉಪಾಯ ಉದ್ದನೆಯ ಪೋಸ್ಟ್. 300ರ ಬದಲು 400 ಮಿ.ಮೀ. ಹಾಕಿ, ಬೆಸುಗೆಯಿಂದ ಕೆಳಗೆ 10 ಸೆಂ.ಮೀ. ಇಳಿಯಬೇಕು. ಭಾರವನ್ನು ಮೆತ್ತಗಾದ ಕೊಳವೆಯ ಬದಲು ಅದು ಹೊರುತ್ತದೆ. ಎರಡು ವರ್ಷ ಬಾಳಲು ಮುಖ್ಯ ಕಾರಣ ಇದೇ ಎನ್ನಬೇಕು.

ಹ್ಯಾಂಡಲ್ ಕೂರುವ ಮುಂದಿನ ಕೊಳವೆ (ಹೆಡ್ ಟ್ಯೂಬ್) ಸೀಳಿದ್ದರೆ ವೆಲ್ಡಿಂಗ್ ಮಾತೇ ಬೇಡ, ಓಡಿಸುವಾಗ ಅದು ಕಿತ್ತುಬಂದರೆ ಮುಖ ರಸ್ತೆಗೆ ಬಡಿಯುತ್ತದೆ. ಹಿಂದಿನ ಗೇರ್ ತೂಗುಹಾಕುವ ತುಂಡು (ಗೇರ್ ಹ್ಯಾಂಗರ್) ಮುರಿದಿದ್ದರೆ ಬೆಸೆಯುವುದಕ್ಕಿಂತ ಅದೇ ಮಾದರಿಯ ಹೊಸದನ್ನು ತರಿಸುವುದು ಸಸ್ತಾ. ಒಟ್ಟು ಖರ್ಚು ಹೊಸ ಫ್ರೇಮಿನ ಮೂರನೇ ಒಂದು ಪಾಲು ಮೀರಿದರೆ ಕೈ ಬಿಡಿ.

ಬೆಸುಗೆ ಮೇಲೆ ಬಣ್ಣ ಬಳಿಯಬೇಡಿ, ಕ್ಲಿಯರ್ ಲ್ಯಾಕರ್ ಸಾಕು. ತಿಂಗಳಿಗೊಮ್ಮೆ ಒರೆಸಿ, ಬೆಸುಗೆ ಅಂಚಿನಿಂದ ಒಂದು ಇಂಚಿನವರೆಗೆ ಟಾರ್ಚ್ ಹಿಡಿದು ನೋಡಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಮತ್ತೊಮ್ಮೆ ಬೆಸೆಯಲು ಹೋಗಬೇಡಿ, ಫ್ರೇಮನ್ನು ಮೋಡಕಾಕ್ಕೆ (ಗುಜರಿಗೆ) ಹಾಕಿ.