ಪೀಟರ್‌ಹೋಫ್, ತ್ಸಾರ್ಸ್ಕೊಯೆ ಸೆಲೊ, ಪಾವ್ಲೋವ್ಸ್ಕ್: ಮೂರು ಅರಮನೆ ನೋಡಿದ ಮೇಲೆ ನನ್ನ ಓಟು ಯಾರಿಗೆ

ಭಾರತೀಯರಿಗೆ ರಷ್ಯಾದ ಇ-ವೀಸಾ ಸಿಗಲು ಶುರುವಾದ ಮೇಲೆ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು: ಸೇಂಟ್ ಪೀಟರ್ಸ್‌ಬರ್ಗ್ ಊರಾಚೆಯ ಅರಮನೆಗಳಲ್ಲಿ ಯಾವುದಕ್ಕೆ ಹೋಗಬೇಕು? ಟೂರ್‌ನವರ ಪಟ್ಟಿಯಲ್ಲಿ ಪೀಟರ್‌ಹೋಫ್ ಇದ್ದೇ ಇರುತ್ತದೆ, ತ್ಸಾರ್ಸ್ಕೊಯೆ ಸೆಲೊ ಕೂಡ. ಪಾವ್ಲೋವ್ಸ್ಕ್ ಹೆಸರು ಅಪರೂಪ. ಮೂರನ್ನೂ ನಾನು ಬಿಡುವಾಗಿ ಸುತ್ತಿದ್ದೇನೆ. ಅರಮನೆ ಬೇರೆ, ತೋಟ ಬೇರೆ ಅಂತ ನೋಡದೆ ಎರಡನ್ನೂ ಸೇರಿಸಿಯೇ ಅಳೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಹಾಗೆ ಅಳೆದರೆ ಪಟ್ಟಿಯಲ್ಲಿ ಇಲ್ಲದ್ದೇ ಮುಂದೆ ಬರುತ್ತದೆ.

ಮೊದಲು ಪೀಟರ್‌ಹೋಫ್. ಅಲ್ಲಿಗೆ ರೈಲು, ಬಸ್ಸು ಎರಡೂ ಇವೆ. ಆದರೂ ದುಡ್ಡು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಹೋಗುವಾಗಲಾದರೂ ದೋಣಿಯಲ್ಲಿ ಹೋಗಿ. ನೆವಾ ನದಿಯ ದಂಡೆಯಿಂದ ಹೊರಡುವ ವೇಗದ ದೋಣಿ ಫಿನ್ಲೆಂಡ್ ಕೊಲ್ಲಿಗೆ ಇಳಿದು, ಮುಕ್ಕಾಲು ಗಂಟೆಯೊಳಗೆ ಅರಮನೆಯ ತೋಟದ ಬಾಗಿಲಿಗೇ ಬಿಡುತ್ತದೆ. ಗಾಳಿ ಜೋರಿದ್ದರೆ ದೋಣಿ ನಿಲ್ಲಿಸುತ್ತಾರೆ, ಅದೊಂದು ತಲೆಯಲ್ಲಿರಲಿ. ಇಳಿದು ಕಾಲುವೆಯ ಪಕ್ಕದಲ್ಲೇ ನಡೆದರೆ ಎದುರಿಗೆ ದೊಡ್ಡ ಜಲಪಾತ, ಅದರ ನಡುವೆ ಸಿಂಹದ ಬಾಯಿ ಸೀಳುತ್ತಿರುವ ಹೊಂಬಣ್ಣದ ಸ್ಯಾಮ್ಸನ್, ಬೈಬಲ್ ಕಥೆಯ ಬಲಶಾಲಿ. ಸಿಂಹದ ಬಾಯಿಂದ ನೀರು 20 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. 1709ರಲ್ಲಿ ಪೊಲ್ತಾವಾ ಯುದ್ಧದಲ್ಲಿ ಪೀಟರ್ ದೊರೆ ಸ್ವೀಡನ್ನನ್ನು ಸೋಲಿಸಿದ್ದು ಸಂತ ಸ್ಯಾಂಪ್ಸನ್ ಹಬ್ಬದ ದಿನ. ಸ್ವೀಡನ್ನಿನ ಲಾಂಛನದಲ್ಲಿ ಸಿಂಹವಿದೆ. ಹಾಗಾಗಿ ಈ ಮೂರ್ತಿ.

ನನಗೆ ಅಲ್ಲಿ ಮೂರ್ತಿಗಿಂತ ನೀರಿನ ಲೆಕ್ಕವೇ ಹೆಚ್ಚು ಹಿಡಿಸಿತು. ಸುಮಾರು 150 ಕಾರಂಜಿಗಳಿವೆ, ಒಂದಕ್ಕೂ ಪಂಪ್ ಇಲ್ಲ. ಇಪ್ಪತ್ತು ಕಿಲೋಮೀಟರಿಗೂ ದೂರದ ರೋಪ್ಶಾ ಎಂಬ ಎತ್ತರದ ಜಾಗದ ಬುಗ್ಗೆಗಳಿಂದ ಕಾಲುವೆ, ಕೊಳಗಳ ಮೂಲಕ ನೀರು ಬರುತ್ತದೆ. ಅರಮನೆಯ ಹಿಂದಿನ ಮೇಲ್ತೋಟದ ಕೊಳಗಳಲ್ಲಿ ನಿಂತು, ಕೊಳವೆಗಳಲ್ಲಿ ಇಳಿದು, ಆ ಇಳಿತದ ಒತ್ತಡಕ್ಕೇ ಕೆಳಗೆ ಚಿಮ್ಮುತ್ತದೆ. 1720ರ ದಶಕದಲ್ಲಿ ವಾಸಿಲಿ ತುವೋಲ್ಕೊವ್ ಎಂಬ ರಷ್ಯನ್ ಎಂಜಿನಿಯರ್ ಹಾಕಿದ ದಾರಿ ಅದು. ವರ್ಸೈಲ್ಸ್‌ನಲ್ಲಿ ನದಿಯಿಂದ ನೀರೆತ್ತಲು ದೈತ್ಯ ಯಂತ್ರವೇ ಬೇಕಾಗಿತ್ತು. ಇಲ್ಲಿ ಬರೀ ಇಳಿಜಾರು. ಬೇಸಿಗೆಯಲ್ಲಿ ಬೆಳಿಗ್ಗೆ 11ಕ್ಕೆ ಸಂಗೀತದ ಜೊತೆ ದೊಡ್ಡ ಕಾರಂಜಿ ಬಿಡುತ್ತಾರೆ. ಆ ಹೊತ್ತಿಗೆ ಜಲಪಾತದ ಮುಂದೆ ಕಾಲಿಡಲು ಜಾಗವಿರುವುದಿಲ್ಲ. ಕಾಲುವೆಯ ಮೇಲಿನ ಸೇತುವೆಯಲ್ಲಿ ನಿಂತು ನೋಡಿ, ಚೆನ್ನಾಗಿ ಕಾಣುತ್ತದೆ.

ಮಕ್ಕಳಿದ್ದರೆ ಬೇರೆ ಯೋಚನೆಯೇ ಬೇಡ, ಪೀಟರ್‌ಹೋಫ್‌ಗೇ ಹೋಗಿ. ಮಾನ್‌ಪ್ಲೇಸಿರ್ ಎಂಬ ಕಡಲಂಚಿನ ಪುಟ್ಟ ಅರಮನೆಯ ಹತ್ತಿರ ತಮಾಷೆ ಕಾರಂಜಿಗಳಿವೆ. ಬೆಂಚಿನ ಮುಂದೆ ನುಣುಪು ಕಲ್ಲು ಹಾಸಿರುತ್ತಾರೆ. ಯಾವುದೋ ಒಂದು ಕಲ್ಲು ತುಳಿದರೆ ನೀರು ಎರಚುತ್ತದೆ ಅಂತ ಮಕ್ಕಳೆಲ್ಲ ಕುಣಿಯುತ್ತಿರುತ್ತಾರೆ. ಅಸಲಿಗೆ ಪಕ್ಕದಲ್ಲಿ ಮರೆಯಾಗಿ ಕೂತ ಸಿಬ್ಬಂದಿ ನಲ್ಲಿ ತಿರುಗಿಸುತ್ತಾರೆ. ಆದರೆ ದೊಡ್ಡ ಅರಮನೆಯ ಒಳಭಾಗ ನನಗೆ ಅಷ್ಟು ಹಿಡಿಸಲಿಲ್ಲ. ಕೋಣೆಗಳು ಚಿಕ್ಕವು, ಗುಂಪು ದೊಡ್ಡದು. ಪೀಟರನ ಓದುವ ಕೋಣೆಯ ಓಕ್ ಮರದ ಕೆತ್ತನೆ ಮಾತ್ರ ಹತ್ತಿರ ನಿಂತು ನೋಡುವಂಥದ್ದು. ಇನ್ನೊಂದು ಮಾತು, ಅಕ್ಟೋಬರ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಕಾರಂಜಿ ಬಂದ್. ಆಗ ಹೋಗುವುದಾದರೆ ಈ ಜಾಗ ಬಿಟ್ಟುಬಿಡಿ.

ತ್ಸಾರ್ಸ್ಕೊಯೆ ಸೆಲೊ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಒಳಗಡೆಯೇ ಎಲ್ಲ. ನೀಲಿ, ಬಿಳಿ, ಬಂಗಾರದ ಕ್ಯಾಥರೀನ್ ಅರಮನೆಯ ಮುಖ 300 ಮೀಟರಿನಷ್ಟು ಉದ್ದವಿದೆ. ರಷ್ಯಾದ ಎಲಿಜಬೆತ್ ರಾಣಿಗಾಗಿ ವಾಸ್ತುಶಿಲ್ಪಿ ರಾಸ್ತ್ರೆಲ್ಲಿ ಕಟ್ಟಿ 1756ರಲ್ಲಿ ಮುಗಿಸಿದ್ದು. ಮೈಸೂರು ಅರಮನೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತೇವೆ, ಇಲ್ಲಿ ಬೂಟಿನ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಬೇಕು. ಕಾಲ ಕೆಳಗಿನ ಮರದ ನೆಲ ನೋಡಿದರೆ ಯಾಕೆಂದು ಗೊತ್ತಾಗುತ್ತದೆ. ಬಣ್ಣ ಬಣ್ಣದ ಮರದ ತುಂಡು ಜೋಡಿಸಿ ಬಳ್ಳಿ, ಹೂ ಬಿಡಿಸಿದ್ದಾರೆ.

ಜನ ಬರುವುದು ಅಂಬರ್ ಕೋಣೆಗೆ, ಅಂದರೆ ಕಲ್ಲಿನಂತೆ ಗಟ್ಟಿಯಾದ ಹಳೇ ಮರದ ಅಂಟಿನ ಚೂರುಗಳನ್ನು ಗೋಡೆಗೆ ಹೊದಿಸಿದ ಕೋಣೆಗೆ. ಪ್ರಷ್ಯಾದ ದೊರೆ 1716ರಲ್ಲಿ ಪೀಟರನಿಗೆ ಕೊಟ್ಟ ಉಡುಗೊರೆ ಅದು. 1941ರಲ್ಲಿ ನಾಜಿಗಳು ಕಿತ್ತುಕೊಂಡು ಆಗ ಜರ್ಮನಿಯಲ್ಲಿದ್ದ ಕ್ಯೋನಿಗ್ಸ್‌ಬರ್ಗ್ ಊರಿಗೆ ಸಾಗಿಸಿದರು, ಆಮೇಲೆ ಪತ್ತೆಯೇ ಇಲ್ಲ. 1979ರಲ್ಲಿ ಮತ್ತೆ ಮಾಡಲು ಕೈಹಾಕಿ 2003ರಲ್ಲಿ ಮುಗಿಸಿದರು. ಗೋಡೆಯ ಹತ್ತಿರ ಹೋಗಿ ನೋಡಿದರೆ ಒಂದೊಂದು ಚೂರೂ ಬೇರೆ ಬಣ್ಣ. ಬೆಣ್ಣೆ ಬಣ್ಣದಿಂದ ಹಿಡಿದು ಕಡು ಕಂದಿನವರೆಗೆ. ಅಷ್ಟು ಚೆನ್ನಾಗಿರುವುದನ್ನು ನಿಂತು ನೋಡಲು ಬಿಡುವುದಿಲ್ಲ, ಹಿಂದಿನ ಗುಂಪು ತಳ್ಳುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ಹೊರಗೂ ಉದ್ದದ ಸರದಿ. ಟಿಕೆಟ್ ಮೊದಲೇ ತೆಗೆದುಕೊಳ್ಳಿ. ಮಂಗಳವಾರ ರಜೆ.

ಅಲ್ಲೇ ಹತ್ತಿರ ಅಲೆಕ್ಸಾಂಡರ್ ಅರಮನೆ ಇದೆ. ಕೊನೆಯ ತ್ಸಾರ್ ಎರಡನೇ ನಿಕೊಲಾಯ್ ಸಂಸಾರ ಇದ್ದದ್ದು ಅಲ್ಲಿ, 1917ರ ಆಗಸ್ಟ್‌ನಲ್ಲಿ ಅವರನ್ನು ಸೈಬೀರಿಯಾಕ್ಕೆ ಕಳಿಸಿದ್ದೂ ಅಲ್ಲಿಂದಲೇ. ದುರಸ್ತಿಯಾಗಿ 2021ರಲ್ಲಿ ತೆರೆದಿದೆ. ಕ್ಯಾಥರೀನ್ ಅರಮನೆಯ ಬಂಗಾರ ಕಣ್ಣು ಕುಕ್ಕಿದ ಮೇಲೆ ಈ ಮನೆ ಮನಸ್ಸಿಗೆ ಹಿತವಾಗುತ್ತದೆ.

ಈಗ ಪಾವ್ಲೋವ್ಸ್ಕ್. 1777ರಲ್ಲಿ ಮೊದಲ ಮೊಮ್ಮಗ ಹುಟ್ಟಿದ ಖುಷಿಗೆ ಮಹಾರಾಣಿ ಕ್ಯಾಥರೀನ್ ಮಗ ಪಾವೆಲ್‌ಗೆ ಈ ಕಾಡು ಕೊಟ್ಟಳು. ಅರಮನೆ ಕಟ್ಟಿದ್ದು ಸ್ಕಾಟ್ಲೆಂಡ್ ಮೂಲದ ಚಾರ್ಲ್ಸ್ ಕ್ಯಾಮರೂನ್. ಹಳದಿ ಗೋಡೆ, 64 ಪುಟ್ಟ ಕಂಬಗಳ ಮೇಲೆ ಕೂತ ತಗ್ಗಾದ ಗುಮ್ಮಟ. ಬೆರಗು ಹುಟ್ಟಿಸಬೇಕೆಂದು ಕಟ್ಟಿದ್ದಲ್ಲ, ಬಾಳಬೇಕೆಂದು ಕಟ್ಟಿದ್ದು. ಪಾವೆಲ್‌ನ ಹೆಂಡತಿ ಮರಿಯಾ ಫ್ಯೊದೊರೊವ್ನಾ ತಾನೇ ದಂತ, ಅಂಬರ್ ಕಡೆಯುತ್ತಿದ್ದಳು. ಆಕೆ ಕೈಯಾರೆ ಮಾಡಿದ ವಸ್ತುಗಳು ಅಲ್ಲಿವೆ. ಬೇರೆ ಅರಮನೆಗಳಲ್ಲಿ ದೊರೆಗಳ ಸಂಪತ್ತು ಕಾಣುತ್ತದೆ, ಇಲ್ಲಿ ಒಬ್ಬಳ ಕೈಕೆಲಸ, ಅಭಿರುಚಿ ಕಾಣುತ್ತದೆ. ನನಗೆ ಇದು ದೊಡ್ಡದು.

ತೋಟ ಅಂದರೆ 600 ಹೆಕ್ಟೇರ್ ಕಾಡು, ನಡುವೆ ಸ್ಲಾವ್ಯಾಂಕಾ ಎಂಬ ಸಣ್ಣ ಹೊಳೆ. ತಾನಾಗಿ ಬೆಳೆದಂತೆ ಕಂಡರೂ ಯಾವ ತಿರುವಿನಲ್ಲಿ ಯಾವ ಬರ್ಚ್ ಮರ ಕಾಣಬೇಕು ಅನ್ನುವುದೂ ಯೋಚಿಸಿ ನೆಟ್ಟದ್ದು. ಹಳೇ ಸಿಲ್ವಿಯಾ ಎಂಬ ಕಡೆ 12 ದಾರಿಗಳು ಒಂದು ಬಯಲಿನಲ್ಲಿ ಕೂಡುತ್ತವೆ, ನಡುವೆ ಕಂಚಿನ ಅಪೊಲೊ. ಅಂಗೈಯಲ್ಲಿ ಒಂದೆರಡು ಕಡಲೆಬೀಜ, ಉಪ್ಪು ಹಾಕದ್ದು, ಹಿಡಿದು ಸುಮ್ನೆ ನಿಲ್ಲಿ. ಅಳಿಲು ಪ್ಯಾಂಟ್ ಹಿಡಿದು ಹತ್ತುತ್ತದೆ, ಬೆರಳಿನ ಮೇಲೆ ಕಾಲೂರಿ ಮೂಸಿ ನೋಡಿ ಒಂದನ್ನೇ ಎತ್ತಿಕೊಂಡು ಓಡುತ್ತದೆ. ಆ ಉಗುರಿನ ಚುರುಕು ಅಂಗೈಗೆ ಚೆನ್ನಾಗಿ ತಿಳಿಯುತ್ತದೆ.

ಈ ಕಾಡನ್ನು ನೋಡುವಾಗ ಯುದ್ಧದ ಕಥೆ ಗೊತ್ತಿರಬೇಕು. ಜರ್ಮನ್ನರು ಇಲ್ಲಿದ್ದಾಗ ಸುಮಾರು 70,000 ಮರ ಉರುಳಿದವು. 1944ರ ಜನವರಿಯಲ್ಲಿ ಅರಮನೆ ಸುಟ್ಟುಹೋಯಿತು. ಆದರೆ ಸಿಬ್ಬಂದಿ ಮೊದಲೇ ಎಚ್ಚೆತ್ತಿದ್ದರು. ತೋಟದ ಮೂರ್ತಿಗಳನ್ನು ಮಣ್ಣಲ್ಲಿ ಹೂತರು, ಪ್ರಾಚೀನ ಶಿಲ್ಪಗಳನ್ನು ನೆಲಮಾಳಿಗೆಯಲ್ಲಿಟ್ಟು ಮುಂದೆ ಗೋಡೆ ಕಟ್ಟಿದರು. ಶತ್ರುಗಳಿಗೆ ಅದು ಕೊನೆಗೂ ಸಿಗಲಿಲ್ಲ. ಮೂರೂ ಅರಮನೆ ಬೂದಿಯಿಂದ ಎದ್ದವೇ, ಆದರೆ ಪಾವ್ಲೋವ್ಸ್ಕ್‌ನಲ್ಲಿ ಆ ಜನರ ಪ್ರೀತಿ ಪ್ರತಿ ಕೋಣೆಯಲ್ಲೂ ನನ್ನನ್ನು ತಟ್ಟಿತು.

ಹಾಗಾದರೆ ಒಂದೇ ದಿನ ಇದ್ದರೆ? ಮಕ್ಕಳು ಜೊತೆಗಿದ್ದು ಬೇಸಿಗೆಯಾದರೆ ಪೀಟರ್‌ಹೋಫ್. ಉಳಿದವರು ವಿಟೆಬ್ಸ್ಕಿ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿ. 1837ರಲ್ಲಿ ರಷ್ಯಾದಲ್ಲಿ ಮೊದಲು ಜನರನ್ನು ಹೊತ್ತು ಓಡಿದ ರೈಲು ಇದೇ ದಾರಿಯದ್ದು. ಅರ್ಧ ಗಂಟೆಗೆ ತ್ಸಾರ್ಸ್ಕೊಯೆ ಸೆಲೊ, ಅದರಾಚೆ ಕೆಲವೇ ನಿಮಿಷಕ್ಕೆ ಪಾವ್ಲೋವ್ಸ್ಕ್. ಬೆಳಿಗ್ಗೆ ಬೇಗ ಅಂಬರ್ ಕೋಣೆ ಮುಗಿಸಿ, ಮಧ್ಯಾಹ್ನದಿಂದ ಸಂಜೆಯವರೆಗೆ ಪಾವ್ಲೋವ್ಸ್ಕ್‌ಗೆ ಇಡಿ. ಸರದಿ ನೋಡಿ ಬೇಸರವಾದರೆ ಅಂಬರ್ ಬಿಟ್ಟು ನೇರ ಅಲ್ಲಿಗೇ ಹೋಗಿ, ತೋಟದ ಗೇಟು ಸ್ಟೇಷನ್ನಿನ ಎದುರಿಗೇ ಇದೆ. ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ 2022ರಿಂದ ರಷ್ಯಾದಲ್ಲಿ ನಡೆಯುವುದಿಲ್ಲ, ರೂಬಲ್ ನೋಟು ಕೈಯಲ್ಲಿರಲಿ. ಸಸ್ಯಾಹಾರಿಗಳು ಎಲೆಕೋಸು ಅಥವಾ ಆಲೂಗಡ್ಡೆ ತುಂಬಿದ ಪಿರೊಝ್ಕಿ ಊರಿನಲ್ಲೇ ಕಟ್ಟಿಸಿಕೊಂಡು ಹೊರಡಿ, ಕಾಡಿನೊಳಗೆ ಅಂಗಡಿ ಕಡಿಮೆ.