ಎರಡನೇ ಸಾಕ್ಷಿಯ ಸಹಿಯನ್ನು ಅಂಗಡಿಯಲ್ಲಿ ಹಾಕಿಸಬೇಡಿ

ಮನೆಯಲ್ಲಿ ಮೃತ್ಯುಪತ್ರ ಬರೆಸುವ ಮಾತು ನಡೆದಿದ್ದರೆ ಇದನ್ನು ಪೂರ್ತಿ ಓದಿ. ಮೈಸೂರು ಕಡೆ ಉಯಿಲು ಅಂತಾರಲ್ಲ, ಅದೇ. ನನ್ನ ಒಂದು ತಪ್ಪಿನಿಂದ ನಮ್ಮ ಸೋದರತ್ತೆ ತಮಗೆ ಸಿಗಬೇಕಾಗಿದ್ದ ಮನೆ ಕಳೆದುಕೊಂಡರು.

ನಾವು ಗದಗ-ಬೆಟಗೇರಿಯವರು. ಅತ್ತೆ ಅಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡು ತವರಿಗೆ ಬಂದವರು. ಮಗ್ಗದವರ ಮನೆಗಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದರು. ಅಪ್ಪ ಜಾಗ ಕೊಂಡು ಮೂರು ಖೋಲಿಯ ಮನೆ ಕಟ್ಟಿಸಿದಾಗ ಅವರ ದುಡ್ಡೂ ಅದರಲ್ಲಿ ಸೇರಿತು. ಕಾಗದಪತ್ರ ಮಾತ್ರ ಅಪ್ಪನ ಹೆಸರಿನಲ್ಲಿ. "ಈ ಮನಿ ಅಕ್ಕಗ ಹೋಗಬೇಕು ನೋಡಪಾ" ಅಂತ ಅಪ್ಪ ಎಷ್ಟೋ ಸಲ ಹೇಳಿದ್ದರು. ಸ್ವಂತ ಗಳಿಕೆಯ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆದಿಡಬಹುದು. ಪಿತ್ರಾರ್ಜಿತವಾದರೆ ತನ್ನ ಪಾಲಿನಷ್ಟು ಮಾತ್ರ.

ಅಪ್ಪನಿಗೆ ಕಿಡ್ನಿ ಕೆಟ್ಟಾಗ ನಾನೇ ಓಡಾಡಿ ಬಾಂಡ್ ಮೇಲೆ ಟೈಪ್ ಮಾಡಿಸಿ ತಂದೆ. ಮೃತ್ಯುಪತ್ರಕ್ಕೆ ಬಾಂಡ್ ಬೇಕೇ ಇಲ್ಲ, ಬಿಳಿ ಹಾಳೆ ಸಾಕು ಅನ್ನುವುದು ಆಗ ಗೊತ್ತಿರಲಿಲ್ಲ. ಅವ್ವ ಪರಾತ ತಂದಳು. ಅದನ್ನು ಬೋರಲು ಹಾಕಿ ಅಪ್ಪನ ತೊಡೆಯ ಮೇಲಿಟ್ಟು, ಮೇಲೆ ಕಾಗದ ಹಿಡಿದೆ. ಕೈ ನಡುಗಿ ಸಹಿ ಗೆರೆ ಬಿಟ್ಟು ಕೆಳಗಿಳಿಯಿತು. ಪಕ್ಕದ ಮನೆಯ ಕಾಕಾ ಅಲ್ಲೇ ಕೂತು ನೋಡಿ ಸಾಕ್ಷಿ ಹಾಕಿದರು. ಇನ್ನೊಬ್ಬರು ಬರುತ್ತೇನೆ ಅಂದವರು ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಕಾಗದ ತಗೊಂಡು ಬೈಕ್ ಮೇಲೆ ಅವರ ಕಿರಾಣಿ ಅಂಗಡಿಗೇ ಹೋದೆ. ಗಿರಾಕಿಗೆ ಬೆಲ್ಲ ತೂಗಿ ಕೊಟ್ಟು, ಕೈ ಒರೆಸಿಕೊಂಡು ಸಹಿ ಮಾಡಿದರು. ಕೆಲಸ ಮುಗಿಯಿತು ಅಂದುಕೊಂಡೆ.

1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಂ ಏನು ಹೇಳುತ್ತದೆ ನೋಡಿ. ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆದವರು ಸಹಿ ಮಾಡಿದ್ದನ್ನು ಪ್ರತಿಯೊಬ್ಬ ಸಾಕ್ಷಿಯೂ ಕಣ್ಣಾರೆ ನೋಡಿರಬೇಕು, ಇಲ್ಲವೇ "ಇದು ನನ್ನ ಸಹಿ" ಅಂತ ಅವರ ಬಾಯಿಂದಲೇ ಕೇಳಿರಬೇಕು. ಸಾಕ್ಷಿ ತನ್ನ ಸಹಿಯನ್ನೂ ಅವರ ಎದುರಿಗೇ ಹಾಕಬೇಕು. ಇಬ್ಬರೂ ಸಾಕ್ಷಿಗಳು ಒಂದೇ ಹೊತ್ತಿಗೆ ಇರಲೇಬೇಕು ಅಂತೇನಿಲ್ಲ. ಅಂದರೆ ಆ ಅಂಗಡಿಯವರನ್ನು ಬೈಕ್ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದಿದ್ದರೆ ಸಾಕಿತ್ತು. ಅಪ್ಪ ಇನ್ನೂ ಮಾತಾಡುತ್ತಿದ್ದರು. ಹತ್ತು ನಿಮಿಷದ ಹಾದಿ.

ಅಪ್ಪ ಹೋದ ಮೇಲೆ ಅಣ್ಣ ಪಾಲು ಕೇಳಿ ದಾವೆ ಹಾಕಿದ. ಮೃತ್ಯುಪತ್ರವನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡಲು ಕನಿಷ್ಠ ಒಬ್ಬ ಸಾಕ್ಷಿಯನ್ನಾದರೂ ಕರೆಸಬೇಕು. ಕಾಕಾ ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದವರು ಅಂಗಡಿಯವರು. ಅವರು ಕಟಕಟೆಯಲ್ಲಿ ನಿಂತು, "ಅವರು ಸಹಿ ಮಾಡಿದ್ದು ನಾ ನೋಡಿಲ್ರೀ, ಅವರ ಮಗಾ ಅಂಗಡಿಗೆ ತಂದಿದ್ದ" ಅಂದರು. ನಿಜವನ್ನೇ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪನ ಸಹಿ ಖರೆ ಇದ್ದರೂ ಮೃತ್ಯುಪತ್ರ ಬಿದ್ದುಹೋಯಿತು.

ಮೃತ್ಯುಪತ್ರ ಇಲ್ಲ ಅಂದಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು. ಹೆಂಡತಿ, ಮಕ್ಕಳು, ತಾಯಿ ಮೊದಲ ದರ್ಜೆಯ ವಾರಸುದಾರರು. ಅವರಲ್ಲಿ ಒಬ್ಬರಿದ್ದರೂ ಒಡಹುಟ್ಟಿದ ಅಕ್ಕನಿಗೆ ಏನೂ ಬರುವುದಿಲ್ಲ. ಅವ್ವ, ಅಣ್ಣ, ನಾನು, ತಂಗಿ, ನಾಲ್ಕು ಸಮಪಾಲು. ಕಂಡಿಕೆ ಸುತ್ತಿದ ಅತ್ತೆಗೆ ಸೊನ್ನೆ. ವಕೀಲರು ಇದನ್ನು ಬಿಡಿಸಿ ಹೇಳುವಾಗ ಅತ್ತೆ ಪಕ್ಕದಲ್ಲೇ ಕೂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಇದ್ದರು, ಒಂದು ಮಾತೂ ಆಡಲಿಲ್ಲ.

ಇನ್ನೊಂದು ವಿಷಯ. ನನಗೆ ಆ ಪತ್ರದಲ್ಲಿ ಏನೂ ಬರೆದಿರಲಿಲ್ಲ, ಆದರೂ ಅಣ್ಣನ ವಕೀಲರು "ಟೈಪ್ ಮಾಡಿಸಿದ್ದು ಯಾರು?" ಅಂತ ತಿರುಗಿಸಿ ತಿರುಗಿಸಿ ಕೇಳಿದರು. ಆಸ್ತಿ ಪಡೆಯುವವರೇ ಮುಂದೆ ನಿಂತು ಬರೆಸಿದರೆ ಅದು ಅನುಮಾನದ ಸಂಗತಿ, ಆ ಅನುಮಾನ ಕಳೆಯುವ ಹೊಣೆ ಅವರದೇ. ಸುಪ್ರೀಂ ಕೋರ್ಟ್ 1958ರಲ್ಲೇ ಮೈಸೂರು ಸೀಮೆಯ ಒಂದು ಪ್ರಕರಣದಲ್ಲಿ ಇದನ್ನು ಹೇಳಿದೆ. ಹಾಗಾಗಿ ಯಾರಿಗೆ ಆಸ್ತಿ ಹೋಗುತ್ತದೋ ಅವರು ದಯವಿಟ್ಟು ದೂರ ಇರಿ. ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸಿ. ಹಾಸಿಗೆ ಹಿಡಿದವರಿದ್ದರೆ ಅರ್ಜಿ ಕೊಟ್ಟು ಉಪನೋಂದಣಾಧಿಕಾರಿಯನ್ನು ಮನೆಗೇ ಕರೆಸಲು ಅವಕಾಶವಿದೆ. ನೋಂದಣಿಯಾಗಿದ್ದರೂ ಮುಂದೆ ತಕರಾರು ಬಂದರೆ ಸಾಕ್ಷಿ ಹೇಳಲೇಬೇಕು. ಅದಕ್ಕೇ ಬರೆಯುವವರಿಗಿಂತ ಸಣ್ಣ ವಯಸ್ಸಿನವರನ್ನು, ಊರಲ್ಲೇ ಇರುವವರನ್ನು ಸಾಕ್ಷಿ ಮಾಡಿಕೊಳ್ಳಿ.

ಹೋದ ತಿಂಗಳು ಅವ್ವ ತನ್ನ ಕಾಲುಭಾಗವನ್ನು ಅತ್ತೆ ಹೆಸರಿಗೆ ಮೃತ್ಯುಪತ್ರ ಮಾಡಿದಳು. ಎರಡನೇ ಸಾಕ್ಷಿಯ ಬಸ್ ತಡವಾಯಿತು. ಅವ್ವ ಪೆನ್ನಿನ ಟೊಪ್ಪಿ ತೆಗೆಯದೆ ಮುಕ್ಕಾಲು ತಾಸು ಕಾದಳು.